ನಮ್ಮ ಮನೆಯ ಸಾಕುಪ್ರಾಣಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಎಂದು ಊರವರು ಹೇಳುತ್ತಾರೆ. ಶುದ್ಧ ಸುಳ್ಳು. ನಾನು ಬಿಡಲಿಲ್ಲ, ಬಿಡಿಸಿದರು. ನಪಾಸಾಗಿ ಮನೆ ಸೇರಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಪರೀಕ್ಷೆಯಲ್ಲಿ ಪ್ರಬಂಧವನ್ನು ಚೆನ್ನಾಗಿ ಬರೆದ ತಪ್ಪಿಗೆ ಮನೆ ಸೇರಿದವನು ನಾನು.

ಆ ವರ್ಷ ಕನ್ನಡ ಪೇಪರಿನ ಕೊನೆಯ ಪ್ರಶ್ನೆಗೆ ‘ನೀವು ದಿನಾ ನೋಡುವ ಒಂದು ಸ್ಥಳ’ ಎಂದು ಬಂದಿತ್ತು. ಕಾಲುವೆಯ ಮೇಲಿನ ಮರದ ಸೇತುವೆಯ ಬಗ್ಗೆ ಬರೆದೆ. ದಿನಾ ದಾಟುತ್ತಿದ್ದೆನಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕೊನೆಯ ಸಾಲಿಗೆ ಚುಕ್ಕಿ ಇಟ್ಟದ್ದಕ್ಕೂ ಪೇಟೆಯ ಕಡೆಯಿಂದ ಬೊಬ್ಬೆ ಎದ್ದದ್ದಕ್ಕೂ ಸರಿಹೋಯಿತು. ಕಿಟಕಿಯಿಂದ ನೋಡಿದರೆ ಸೇತುವೆ ಇಲ್ಲ. ಆ ಕಡೆ ಒಂದು ದಡ, ಈ ಕಡೆ ಒಂದು ದಡ, ನಡುವೆ ನೀರು. ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸೇತುವೆಯ ಮೇಲೆ ಇಡಬೇಕಿದ್ದ ಕಾಲನ್ನು ಗಾಳಿಯಲ್ಲೇ ಎತ್ತಿಕೊಂಡು ನಿಂತಿದ್ದಳು.

ನಮ್ಮೂರಲ್ಲಿ ಹಾಗೆಯೇ. ಪರೀಕ್ಷೆಯಲ್ಲಿ ಯಾವುದರ ಬಗ್ಗೆ ಚೆನ್ನಾಗಿ ಬರೆಯುತ್ತಾರೋ ಅದು ಊರು ಬಿಟ್ಟು ಹೊರಟುಹೋಗುತ್ತದೆ. ಪೇಪರು ತಿದ್ದಿ, ರಿಸಲ್ಟನ್ನು ಬೋರ್ಡಿಗೆ ಅಂಟಿಸಿದ ದಿನ ವಾಪಸು ಬರುತ್ತದೆ. ಬರುವಾಗ ಪ್ರಬಂಧದಲ್ಲಿ ಹೇಗಿತ್ತೋ ಹಾಗೆ ಬರುತ್ತದೆ. ಸುಮಾರಾಗಿ ಬರೆದರೆ ಸುಮಾರಾಗಿ ಹೋಗುತ್ತದೆ: ಬೆಕ್ಕಿದ್ದು ಅದರ ಮೀಸೆ ಮಾತ್ರ ಇಲ್ಲ, ಬಾವಿಯಿದ್ದು ರಾಟೆ ಇಲ್ಲ, ಹೀಗೆ. ಕೆಟ್ಟದಾಗಿ ಬರೆದರೆ ಏನೂ ಆಗುವುದಿಲ್ಲ. ನೆರೆ ಬರುವ ಊರಿನವರು ಮನೆಯನ್ನು ಎತ್ತರಕ್ಕೆ ಕಟ್ಟಿಕೊಳ್ಳುವುದಿಲ್ಲವೇ, ಹಾಗೆ ನಮ್ಮೂರಿನವರು ಮಕ್ಕಳಿಗೆ ಕೆಟ್ಟದಾಗಿ ಬರೆಯುವುದನ್ನು ಕಲಿಸಿದರು.

ಕೆಟ್ಟದಾಗಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಕ್ರಮಬದ್ಧವಾಗಿ’ ಎನ್ನುತ್ತಾರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ‘ಕೆರೆಯು ನಮಗೆ ಬಹಳ ಉಪಯುಕ್ತವಾಗಿದೆ. ಕೆರೆಯಿಂದ ಅನೇಕ ಪ್ರಯೋಜನಗಳಿವೆ. ಆದ್ದರಿಂದ ನಾವೆಲ್ಲರೂ ಕೆರೆಯನ್ನು ಸಂರಕ್ಷಿಸೋಣ.’ ಹೀಗೆ ಬರೆದರೆ ಯಾವ ಕೆರೆಯೂ ಎಲ್ಲಿಗೂ ಹೋಗುವುದಿಲ್ಲ. ಇದು ತನ್ನ ಬಗ್ಗೆ ಬರೆದದ್ದು ಎಂದು ಕೆರೆಗೆ ಗೊತ್ತೇ ಆಗುವುದಿಲ್ಲ. ಪ್ರಶ್ನೆಪತ್ರಿಕೆ ಬರುವುದು ಹೊರಗಿನಿಂದ, ತಿದ್ದುವವರೂ ಹೊರಗಿನವರು. ಅವರು ಇಂಥದ್ದಕ್ಕೆ ಹತ್ತಕ್ಕೆ ಐದೋ ಆರೋ ಹಾಕುತ್ತಾರೆ. ಊರಿಗೆ ಅಷ್ಟು ಸಾಕು.

ಸೇತುವೆ ಹೋದ ಬೇಸಿಗೆಯಲ್ಲಿ ಎಲ್ಲರೂ ತೂಬಿನ ಹತ್ತಿರ ಸುತ್ತು ಹಾಕಿಕೊಂಡು ಓಡಾಡಿದರು, ಓಡಾಡುತ್ತ ನನ್ನನ್ನು ಬೈದರು. ಒಂದು ಮದುವೆ ದಿಬ್ಬಣ ಬಿಸಿಲಲ್ಲಿ ಸುತ್ತಿ ಬಂದು ಮುಹೂರ್ತ ತಪ್ಪಿಸಿಕೊಂಡಿತಂತೆ. ರಿಸಲ್ಟಿನ ದಿನ ಸೇತುವೆ ಬಂತು. ನನಗೆ ಒಂಬತ್ತು ಬಂತು. ಹೆಡ್‌ಮೇಷ್ಟ್ರು ಶ್ರೀಕಂಠಯ್ಯನವರು ಅವ್ವನನ್ನು ಕರೆಸಿ, “ನಿಮ್ಮ ಮಗನ್ನ ಎಂಟಕ್ಕೆ ಸೇರಿಸಿಕೊಂಡ್ರೆ ಊರೇ ಉಳಿಯಲ್ಲ ತಾಯಿ. ಹೆಸರೇ ವೀರಭದ್ರ” ಎಂದರು. ಟೀಸಿ ಕೈಗೆ ಕೊಟ್ಟರು.

ಒಂದು ವಿಷಯ ಯಾರೂ ಹೇಳಲಿಲ್ಲ. ಹಳೇ ಸೇತುವೆಯಲ್ಲಿ ನಡುವಿನ ಒಂದು ಹಲಗೆ ಮುರಿದಿತ್ತು. ಕಾಲಿಟ್ಟವರು ಬೀಳುತ್ತಿದ್ದರು. ನಾನು ಆ ಹಲಗೆಯನ್ನು ಗಟ್ಟಿಯಾಗಿದೆ ಎಂದೇ ಬರೆದಿದ್ದೆ. ಸೇತುವೆ ವಾಪಸು ಬಂದಾಗ ಹಲಗೆ ಗಟ್ಟಿಯಾಗಿತ್ತು. ಅದರ ಮೇಲೆ ದಿನಾ ನಡೆದು ಹೋಗುವ ಒಬ್ಬರಾದರೂ ‘ಹುಡುಗ ಒಂದು ಒಳ್ಳೇ ಕೆಲಸ ಮಾಡಿದ’ ಎಂದರೇ? ಇಲ್ಲ.

ಆಮೇಲೆ ಗಫಾರ್ ಸಾಹೇಬರ ಗೋಲಿಸೋಡಾ ಫ್ಯಾಕ್ಟರಿ ಸೇರಿದೆ. ಫ್ಯಾಕ್ಟರಿ ಎಂದರೆ ಒಂದು ಕೋಣೆ, ಒಂದು ಮಿಷನ್ನು, ಒಂದು ಗ್ಯಾಸ್ ಸಿಲಿಂಡರು. ಬಾಟಲಿಗೆ ಗ್ಯಾಸು ತುಂಬಿ ತಿರುಗಿಸುವುದು ನನ್ನ ಕೆಲಸ. ಕೈ ಸ್ವಲ್ಪ ಜಾಸ್ತಿ ಬಿಗಿಯಾದರೆ ಬಾಟಲಿ ಸಿಡಿಯುತ್ತದೆ. ನನ್ನ ಕೈ ಯಾವಾಗಲೂ ಬಿಗಿ. “ಭದ್ರಾ, ಗ್ಯಾಸು ಸಿಲಿಂಡರಲ್ಲಿದೆ ಬೇಟಾ, ನೀನು ಬೇರೆ ತರೋದು ಬೇಡ” ಎಂದು ಸಾಹೇಬರು ನಗುತ್ತಿದ್ದರು. ಬೇರೆ ಯಾರೂ ನಗುತ್ತಿರಲಿಲ್ಲ. ಅಂಗಡಿಯವರ ಹತ್ತಿರ ಜಗಳ, ಬಸ್ಸಿನವರ ಹತ್ತಿರ ಜಗಳ. ಮನೆಯಲ್ಲಿ ನಾನು ಉಣ್ಣುವಾಗ ಅವ್ವ ನನ್ನೆದುರು ಕೂರುತ್ತಿರಲಿಲ್ಲ. ಸಾರಿನ ಪಾತ್ರೆಯನ್ನು ನನ್ನ ಪಕ್ಕ ಇಟ್ಟು ಹೊರಗೆ ಹೋಗಿ ಹೂ ಕಟ್ಟುತ್ತಿದ್ದಳು.

ನನ್ನ ತಂಗಿ ಶಿವಲೀಲ ಈ ವರ್ಷ ಹತ್ತನೇ ಕ್ಲಾಸು. ಲೀಲಿ ಎಂದು ಕರೆಯುತ್ತೇವೆ. ಅವಳಿಗೆ ನನಗಿಂತ ದೊಡ್ಡ ಕಾಯಿಲೆ. ಸಂತೆಗೆ ಹೋಗಿ ಬಂದು ಬಳೆಗಾರನ ಬಗ್ಗೆ ಹೇಳಿದಳೆಂದರೆ ಬಳೆಗಾರ ನಮ್ಮ ಅಡುಗೆಮನೆಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ಬಾಯಲ್ಲಿ ಹೇಳಿದರೆ ಪರವಾಗಿಲ್ಲ, ಪರೀಕ್ಷೆಯಲ್ಲಿ ಬರೆದರೆ ಕಷ್ಟ. ಇದು ಅವ್ವನಿಗೆ ಗೊತ್ತು, ಶ್ರೀಕಂಠಯ್ಯನವರಿಗೂ ಗೊತ್ತು. ಅದಕ್ಕೇ ಪರೀಕ್ಷೆಗೆ ಮುಂಚೆ ಒಂದು ಸಂಜೆ ಛತ್ರಿ ಹಿಡಿದು ಮನೆಗೇ ಬಂದರು.

“ನೋಡಿ ತಾಯಿ, ಹುಡುಗಿ ಬುದ್ಧಿವಂತೆ. ಕಾಲೇಜು ಕಮಿಟೀಲೂ ನಾನೇ ಇದ್ದೀನಿ, ಸೀಟು ಕೊಡಿಸ್ತೀನಿ. ಆದ್ರೆ ನನ್ನದು ಹೋಯ್ತು ಅಂತ ಊರಲ್ಲಿ ಒಬ್ಬರು ಬಂದು ದೂರು ಕೊಟ್ರೂ ನನ್ನ ಕೈಲಿ ಏನೂ ಆಗಲ್ಲ. ನಿಯಮ ಎಲ್ರಿಗೂ ಒಂದೇ.”

“ಅವಳು ಹಂಗೆಲ್ಲ ಬರೆಯಲ್ಲ ಮೇಷ್ಟ್ರೇ. ನಾನು ಹೇಳ್ತೀನಿ” ಎಂದಳು ಅವ್ವ.

“ಗೈಡಲ್ಲಿ ಇರೋ ಪ್ರಬಂಧ ಎಲ್ಲ ಬಾಯಿಪಾಠ ಮಾಡಿಸಿ. ಎಲ್ಲದಕ್ಕೂ ಉಪಯುಕ್ತ ಅನ್ನೋ ಪದ ಹಾಕ್ಬಿಟ್ರೆ ಸಾಕು, ಏನೂ ಆಗಲ್ಲ.”

ನಾನು ಬಾಗಿಲಲ್ಲಿ ನಿಂತಿದ್ದೆ. “ನಿಮ್ಮ ಛತ್ರಿ ಬಗ್ಗೆ ನಾನು ಬರೀಲಾ ಮೇಷ್ಟ್ರೇ, ಕ್ರಮಬದ್ಧವಾಗಿ?” ಎಂದೆ. ಅವರು ಛತ್ರಿಯನ್ನು ಎದೆಗೆ ಒತ್ತಿಕೊಂಡು ಎದ್ದರು. ಅವ್ವ ನನ್ನ ಕಡೆ ಹೇಗೆ ನೋಡಿದಳು ಎಂದು ಮಾತ್ರ ಕೇಳಬೇಡಿ.

ಅವರು ಹೋದ ಮೇಲೆ ಲೀಲಿಗೆ ಹೇಳಿದೆ: “ಹೆದರ್ಕೋಬೇಡ. ನಿನಗೆ ಹೆಂಗೆ ಬರುತ್ತೋ ಹಂಗೆ ಬರಿ. ಇವರ ಉಪಯುಕ್ತಕ್ಕೆ ಬೆಂಕಿ ಹಾಕ.”

“ಆಮೇಲೆ ಸೋಡಾ ಬಾಟ್ಲಿ ತೊಳೆಯೋಕೆ ನಿನ್ ಜೊತೆ ಬರ್ಲಾ?”

“ಹಂಗಂತ ಅಲ್ಲ…”

“ಮತ್ತೆ ಹೆಂಗೆ ಅಣ್ಣ?” ಎಂದಳು. ಚೆನ್ನಾಗಿ ಬರೆದರೆ ನನ್ನ ಹಾಗೆ ಮನೆಯಲ್ಲಿ ಕೂರುತ್ತಾಳೆ. ಕೆಟ್ಟದಾಗಿ ಬರೆದರೆ ಊರವರ ಹಾಗೆ ಆಗುತ್ತಾಳೆ. ಎರಡೂ ನನಗೆ ಬೇಡ. ಉತ್ತರ ಇಲ್ಲದಿದ್ದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಗೆ ಹೋದೆ. ಹೊರಗಿನಿಂದ ಕಿಟಕಿಯಲ್ಲಿ ನೋಡಿದರೆ ಅವಳು ಗೈಡನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಹೆದರಿ ನೋಡಿದ್ದಲ್ಲ. ಬಳೆಗಾರನನ್ನು ನೋಡಿದ ಹಾಗೆ ನೋಡಿದ್ದು.

ಕನ್ನಡ ಪರೀಕ್ಷೆಯ ದಿನ ಊರಲ್ಲಿ ಯಾರಿಗೂ ಕೆಲಸ ಓಡುವುದಿಲ್ಲ. ಪೇಟೆಯ ಗಡಿಯಾರದ ಕೆಳಗೆ ಊರ ಕಮಿಟಿಯವರು ಇಬ್ಬರು ಕಾವಲು. ಕೆರೆಗೊಬ್ಬರು, ಸೇತುವೆಗೊಬ್ಬರು. ಕಾವಲು ಕಾದು ಏನೂ ಉಪಯೋಗವಿಲ್ಲ, ಹೋಗುವುದು ಹೋಗಿಯೇ ಹೋಗುತ್ತದೆ. ಆದರೂ ಹೋಗುವಾಗ ಎದುರಿಗಿದ್ದರೆ ಒಂದು ಸಮಾಧಾನ. ನಾನು ಕೆಲಸಕ್ಕೆ ಹೋಗದೆ ಶಾಲೆಯ ಗೇಟಿನ ಹತ್ತಿರ ನಿಂತೆ. ಬೆಲ್ಲು ಹೊಡೆದು ಸ್ವಲ್ಪ ಹೊತ್ತಿಗೆ ಜವಾನ ಹೊರಗೆ ಬಂದು, ಯಾರನ್ನೂ ನೋಡದೆ, ಆಕಾಶಕ್ಕೆ ಹೇಳುವವನಂತೆ, “ಸಾಕುಪ್ರಾಣಿ” ಎಂದು ಒಳಗೆ ಹೋದ. ‘ನಮ್ಮ ಮನೆಯ ಸಾಕುಪ್ರಾಣಿ’, ಅದು ವಿಷಯ.

ಅಷ್ಟು ಸಾಕಾಯಿತು. ಗಡಿಯಾರ, ಕೆರೆ ಎಲ್ಲ ಬಿಟ್ಟು ಜನ ಕೊಟ್ಟಿಗೆಗಳ ಕಡೆ ಓಡಿದರು. ಹಾಲಿನ ನಂಜಮ್ಮ ತನ್ನ ಎಮ್ಮೆಯನ್ನು ಹಗ್ಗ ಹಿಡಿದು ಶಾಲೆಯ ಗೇಟಿಗೇ ಎಳೆದುಕೊಂಡು ಬಂದಳು.

“ಇಲ್ಲಿಗ್ಯಾಕೆ ತಂದೆ ನಂಜಮ್ಮಕ್ಕ?” ಎಂದೆ.

“ಒಳಗಿರೋ ಮಕ್ಳಿಗೆ ಕಾಣ್ಲಿ ಅಂತ. ಎದುರಿಗೇ ನಿಂತಿದ್ರೆ ಬರೆಯೋಕೆ ನಾಚ್ಕೆ ಆಗಲ್ವಾ? ಏಯ್ ಹುಡುಗ್ರಾ, ಇದರ ಹಾಲು ಕುಡಿದೇ ಬೆಳೆದಿರೋದು ಕಣ್ರೋ! ಕೆಟ್ಟದಾಗಿ ಬರೀರೋ!”

ನನಗೆ ಮೈ ಉರಿಯುತ್ತಿತ್ತು. ಒಂದು ಊರು ತನ್ನ ಮಕ್ಕಳಿಗೆ ಕಿಟಕಿಯಲ್ಲಿ ಕೂಗಿ ಕೂಗಿ ಕೆಟ್ಟದಾಗಿ ಬರೆಯಿರಿ ಎಂದು ಬೇಡಿಕೊಳ್ಳುವುದನ್ನು ನೀವು ನೋಡಿದ್ದೀರಾ? ಗೇಟಿನ ಕಂಬಿ ಹಿಡಿದಿದ್ದೆ, ಕಂಬಿ ಬಿಸಿಯಾಗಿತ್ತು. ಲೀಲಿಯ ತಲೆ ಎರಡನೇ ಕಿಟಕಿಯಲ್ಲಿ ಕಾಣುತ್ತಿತ್ತು. ಬೇರೆ ಮಕ್ಕಳು ಎಮ್ಮೆಯನ್ನು ನೋಡಿ ನಗುತ್ತಿದ್ದರು. ಅವಳು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ತಲೆ ಬಗ್ಗಿಸಿ ಬರೆಯತೊಡಗಿದಳು. ಬರೆಯುವ ವೇಗ ನೋಡಿದರೆ ಬಾಯಿಪಾಠ ಮಾಡಿದ್ದಲ್ಲ. ಬಾಯಿಪಾಠ ಬರೆಯುವವರು ನಡುವೆ ನಿಂತು ಚಾವಣಿ ನೋಡುತ್ತಾರೆ.

ಮುಗೀತು, ಈ ಊರಿನ ದನಗಳೆಲ್ಲ ಹೋದವು, ನನ್ನ ತಂಗಿಯ ಕಾಲೇಜೂ ಹೋಯಿತು ಎಂದುಕೊಂಡೆ.

ಕೊನೆಯ ಬೆಲ್ಲು ಹೊಡೆಯಿತು. ನಂಜಮ್ಮ ಎಮ್ಮೆಯ ಕೊರಳು ತಬ್ಬಿ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಎಮ್ಮೆ ಇತ್ತು. ಬಾಲದ ತುದಿಯ ಕುಚ್ಚು ಮಾತ್ರ ಇರಲಿಲ್ಲ, ಯಾರೋ ಹುಡುಗ ಅಷ್ಟರಮಟ್ಟಿಗೆ ಚೆನ್ನಾಗಿ ಬರೆದಿದ್ದ. “ಹೋಗ್ಲಿ ಬಿಡು, ಕುಚ್ಚಿಗೆ ನಾನ್ಯಾಕೆ ದೂರು ಕೊಡ್ಲಿ” ಎಂದು ನಂಜಮ್ಮ ಸಂತೋಷದಲ್ಲಿ ಎಮ್ಮೆಗೆ ಮುತ್ತು ಕೊಟ್ಟಳು. ಕೊಟ್ಟಿಗೆಗಳಿಂದ ಒಬ್ಬೊಬ್ಬರೇ ಬಂದು ‘ನಮ್ಮದಿದೆ’, ‘ನಮ್ಮದೂ ಇದೆ’ ಎಂದರು. ಹಸು, ಆಡು, ನಾಯಿ, ಜಟಕಾ ಕುದುರೆ, ಪೋಸ್ಟಾಫೀಸಿನವರ ಗಿಳಿ, ಎಲ್ಲ ಇದ್ದವು. ಊರಿಗೆ ಊರೇ ಉಸಿರು ಬಿಟ್ಟಿತು.

ಶ್ರೀಕಂಠಯ್ಯನವರು ಮೆಟ್ಟಿಲಿಳಿದು ನನ್ನ ಹತ್ತಿರವೇ ಬಂದರು. “ನೋಡಿದೆಯೇನೋ? ನಿನ್ನ ತಂಗಿ ನಿನ್ನ ಹಂಗಲ್ಲ” ಎಂದರು.

“ಹೌದು ಮೇಷ್ಟ್ರೇ” ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕೈ ಎತ್ತಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

ಲೀಲಿ ಬಂದಳು. ಇಬ್ಬರೂ ಸೇತುವೆಯ ಕಡೆ ನಡೆದೆವು. ಕಡೆಗೂ ಇವಳೂ ಉಪಯುಕ್ತ ಎಂದು ಬರೆದುಬಿಟ್ಟಳು, ಇವಳನ್ನು ಬೈಯಬೇಕು ಎಂದುಕೊಂಡೆ. ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಅದು ದಿನಾ ಇರುವ ಜಾಗಕ್ಕೆ, ಎಡ ಪಕ್ಕೆಯ ಕೆಳಕ್ಕೆ, ಕೈ ಹಾಕಿ ನೋಡಿಕೊಂಡೆ. ಖಾಲಿ. ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಹೇಳದೆ ಇಳಿಸಿಕೊಂಡರೆ ಹೇಗೆ ತೂರಾಡುತ್ತೇವೋ ಹಾಗೆ ತೂರಾಡಿ ಸೇತುವೆಯ ಕಟಕಟೆ ಹಿಡಿದೆ.

“ಲೀಲಿ, ಏನೇ ಬರೆದೆ?”

ಅವಳು ತುಟಿ ಕಚ್ಚಿಕೊಂಡು ನಕ್ಕಳು. “ನಮ್ಮನೇಲಿ ಹಸು ಇದೆಯಾ? ನಾಯಿ ಇದೆಯಾ? ಇರೋದನ್ನ ತಾನೇ ಬರೀಬೇಕು?”

ಆಮೇಲೆ ಅಲ್ಲೇ ನಿಂತು ಬರೆದದ್ದನ್ನು ಹೇಳಿದಳು. ‘ನಮ್ಮ ಮನೆಯಲ್ಲಿ ಹಸುವಿಲ್ಲ, ನಾಯಿಯಿಲ್ಲ. ಒಂದು ಬೆಕ್ಕಿತ್ತು, ಅದೂ ಪಕ್ಕದ ಮನೆಯ ಹಾಲಿಗೆ ಹೋಯಿತು. ಇರುವುದು ನಮ್ಮಣ್ಣನ ಸಿಟ್ಟು. ಅಣ್ಣ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಟೀಸಿಯ ಜೊತೆ ಅದನ್ನೂ ಕೊಟ್ಟು ಕಳಿಸಿದರು. ಆಗ ಅದು ಅಂಗೈಯಷ್ಟು ಮರಿ. ಅಣ್ಣನ ಎಡ ಪಕ್ಕೆಯ ಕೆಳಗೆ ಮಲಗುತ್ತದೆ. ಅವನು ಮಾತಾಡುವ ಮೊದಲೇ ಎದ್ದು ಮೈ ಕೊಡವುತ್ತದೆ, ಆಗ ಅವನ ಕಿವಿಯ ತುದಿ ಕೆಂಪಾಗುತ್ತದೆ. ಬಾಗಿಲ ಸದ್ದು, ತಟ್ಟೆಯ ಸದ್ದು ಅದರ ಆಹಾರ. ಅವ್ವ ಅದಕ್ಕೆ ಹೆದರುತ್ತಾಳೆ, ನಾನು ಹೆದರುವುದಿಲ್ಲ, ಏಕೆಂದರೆ ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ಅದು ಮನೆಯವರನ್ನು ಕಚ್ಚುವುದಿಲ್ಲ. ನ್ಯಾಯ ತಪ್ಪಿದ ಕಡೆ ಬೊಗಳುತ್ತದೆ, ಬೊಗಳಿ ಸುಮ್ಮನಾಗುತ್ತದೆ. ಊಟ ಆಯಿತಾ ಎಂದು ಅದನ್ನು ಯಾರೂ ಕೇಳಿಲ್ಲ. ಕೇಳಿದರೆ ಮಲಗುತ್ತದೆ.’

“ಉಪಸಂಹಾರ?” ಎಂದೆ.

“ಬರೀಲಿಲ್ಲ. ಅದು ಅಷ್ಟಕ್ಕೇ ಎದ್ದು ಹೋಯ್ತು ಅನ್ಸುತ್ತೆ. ಗೇಟಲ್ಲಿ ನಿಂತಿದ್ದ ನಿನ್ನ ಕಿವಿ ಬೆಳ್ಳಗಾಯ್ತು.”

ರಿಸಲ್ಟು ಬರುವವರೆಗಿನ ದಿನಗಳನ್ನು ಹೇಗೆ ಹೇಳಲಿ? ಒಂದೂ ಬಾಟಲಿ ಸಿಡಿಯಲಿಲ್ಲ. ಗಫಾರ್ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ಗ್ಯಾಸು ತುಂಬಿದ್ದೀಯಾ ಇಲ್ಲವಾ?” ಎಂದು ಅನುಮಾನಪಟ್ಟರು. ಅವ್ವ ಮೊದಲು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು, ಆಮೇಲೆ ದೃಷ್ಟಿ ತೆಗೆದಳು, ಅದೂ ಆದ ಮೇಲೆ ಒಂದು ಮಧ್ಯಾಹ್ನ ಸಾರಿನ ಪಾತ್ರೆ ಹಿಡಿದು ನನ್ನೆದುರು ಕೂತಳು. ಅವಳ ಮುಂದಿನ ಹಲ್ಲೊಂದು ಬಿದ್ದಿರುವುದು ನನಗೆ ಅವತ್ತೇ ಗೊತ್ತಾದದ್ದು. ರಾತ್ರಿ ಎಡ ಮಗ್ಗುಲಿಗೆ ಮಲಗಿ ನಿದ್ದೆ ಮಾಡಿದೆ, ಎಷ್ಟೋ ವರ್ಷದ ಮೇಲೆ.

ಆದರೆ ಒಂದು ಮಾತು. ಸೋಡಾ ಕುಡಿದವರು ಬಾಟಲಿಯನ್ನು ಎತ್ತಿಕೊಂಡೇ ಹೋಗುತ್ತಿದ್ದರು, ನಾನು ಹಲ್ಲು ಕಿರಿಯುತ್ತ ನಿಂತಿರುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅವ್ವನ ಹೂವಿನ ಬುಟ್ಟಿಯನ್ನು ಕಾಲಲ್ಲಿ ತಳ್ಳಿ ಅವಳ ಜಾಗದಲ್ಲಿ ಬೈಕು ನಿಲ್ಲಿಸಿದ. ನಾನು ಬುಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ಅಷ್ಟೇ ಮಾಡಿದೆ. ಅವ್ವ ಚೆಲ್ಲಿದ ಮಲ್ಲಿಗೆ ಆರಿಸುವಾಗ ಒಂದು ಸಲ ನನ್ನ ಪಕ್ಕೆಯ ಕಡೆ ನೋಡಿದಳು, ಲೀಲಿ ಅವಳಿಗೆ ಹೇಳಿರಬೇಕು. ಆಗ ನನಗೆ ಅದರ ನೆನಪಾಯಿತು. ಎಲ್ಲಿದೆಯೋ, ಯಾರು ನೋಡಿಕೊಳ್ಳುತ್ತಿದ್ದಾರೋ.

ರಿಸಲ್ಟಿನ ದಿನ ಬೋರ್ಡಿನ ಮುಂದೆ ನೂಕುನುಗ್ಗಲು. ಜವಾನ ಅಂಟು ಬಳಿದು ಹಾಳೆ ಒತ್ತಿದ. ದೂರದಲ್ಲಿ ನಂಜಮ್ಮ, “ಬಂತು, ಕುಚ್ಚು ಬಂತು!” ಎಂದು ಕೂಗಿದಳು. ಲೀಲಿ ಪಾಸಾಗಿದ್ದಳು, ಶಾಲೆಗೇ ಮೊದಲು. ನಾನು ಅದನ್ನು ಓದುತ್ತಿದ್ದ ಹಾಗೆಯೇ ಎಡಗಡೆ ಏನೋ ಬೆಚ್ಚಗೆ ಬಂದು ಒರಗಿತು. ಒಂದು ಸುತ್ತು ಸುತ್ತಿ, ತನ್ನ ಜಾಗ ನೋಡಿಕೊಂಡು, ಕೂತಿತು. ಮೊದಲಿನ ಭಾರ ಇರಲಿಲ್ಲ. ಮೊದಲಿನ ಉಗುರೂ ಇರಲಿಲ್ಲ. ಬಂದೆಯಾ ಎಂದುಕೊಂಡೆ. ಖುಷಿಯೇ ಆಯಿತು.

“ವೀರಭದ್ರ, ಇಲ್ಲಿ ಬಾ.” ಶ್ರೀಕಂಠಯ್ಯನವರು. ಲೀಲಿಯೂ ಅವರ ಹತ್ತಿರ ನಿಂತಿದ್ದಳು, ಮುಖ ಸಣ್ಣಗಾಗಿತ್ತು. “ಪ್ರಬಂಧಕ್ಕೆ ಒಂಬತ್ತೂವರೆ ಬಂದಿದೆ. ಕ್ರಮಬದ್ಧವಾಗಿ ಬರೆದೋರಿಗೆ ಒಂಬತ್ತೂವರೆ ಬರಲ್ಲ. ಏನೋ ಹೋಗಿತ್ತು ಈ ಊರಿಂದ. ಏನು ಅಂತ ನಿನಗೆ ಗೊತ್ತು.”

ಅದು ಎದ್ದು ಮೈ ಕೊಡವಿತು. ನನ್ನ ಕಿವಿ ಬೆಚ್ಚಗಾಯಿತು. ಹಳೇ ಭದ್ರನಾಗಿದ್ದರೆ ಅಲ್ಲೇ ಕುತ್ತಿಗೆ ಪಟ್ಟಿ ಹಿಡಿದು, ಲೀಲಿಯ ಸೀಟನ್ನು ಅಲ್ಲೇ ಮಣ್ಣುಪಾಲು ಮಾಡುತ್ತಿದ್ದೆ.

“ಹೋಗಿದ್ದು ನಂದು ಮೇಷ್ಟ್ರೇ” ಎಂದೆ. “ನಂದೇ ಒಂದು ಸಾಮಾನು. ಇವತ್ತು ವಾಪಸು ಬಂತು, ಹೋದಾಗ ಇದ್ದಿದ್ದಕ್ಕಿಂತ ಚೆನ್ನಾಗಿ ಬಂದಿದೆ. ನಾನು ದೂರು ಕೊಡಲ್ಲ. ನಾನು ಕೊಡದೇ ಇದ್ರೆ ಇನ್ಯಾರು ಕೊಡ್ತಾರೆ?”

ಅದು ಇನ್ನೂ ಕೂತಿರಲಿಲ್ಲ, ಬಾಗಿಲಿಗೆ ಬಂದ ನಾಯಿಯ ಹಾಗೆ ನಿಂತೇ ಇತ್ತು. ಅದಕ್ಕೆ ಇನ್ನೊಂದು ಮಾತು ಬಾಕಿಯಿತ್ತು.

“ಇನ್ನೊಂದು. ಸೇತುವೆ ಹೋಗಿದ್ದು ಎಲ್ರಿಗೂ ನೆನಪಿದೆ. ಆ ಮುರಿದ ಹಲಗೆ ಸರಿಹೋಗಿದ್ದು ಹೆಂಗೆ ಅಂತ ಒಬ್ಬರಾದ್ರೂ ಕೇಳಿದ್ರಾ? ಅದು ನಾನು ಮಾಡಿದ್ದು ಮೇಷ್ಟ್ರೇ. ಅಷ್ಟು ಹೇಳ್ಬೇಕಿತ್ತು.” ದನಿ ಏರಿತ್ತು, ಆದರೆ ಒಡೆಯಲಿಲ್ಲ.

ಶ್ರೀಕಂಠಯ್ಯನವರು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. “ಗೊತ್ತು” ಎಂದರು. “ಆ ಹಲಗೇಲಿ ನನ್ನ ಕಾಲೇ ಸಿಕ್ಕಾಕ್ಕೊಂಡಿತ್ತು, ಚಪ್ಪಲಿ ಕಾಲುವೆ ಪಾಲಾಯ್ತು. ಈಗ ದಿನಾ ಆ ಹಲಗೆ ಮೇಲೆ ಕಾಲಿಡೋವಾಗ ನೆನಪಾಗುತ್ತೆ. ಪೇಪರ್ ಕಟ್ಟು ಕಟ್ಟೋವಾಗ ನಿಂದು ಓದಿದ್ದೆ ನಾನು. ‘ನಮ್ಮೂರ ಸೇತುವೆಗೆ ಎರಡು ದಡವೂ ಗೊತ್ತು, ಒಂದೂ ಅದರದ್ದಲ್ಲ.’ ಹಂಗೆ ಶುರು ಮಾಡಿದ್ದೆ ನೀನು.”

ನನಗೇ ಮರೆತುಹೋಗಿದ್ದ ಸಾಲು.

“ಊರು ಉಳೀಬೇಕಲ್ಲಪ್ಪ, ಏನ್ ಮಾಡ್ಲಿ” ಎಂದರು ಅವರು, ನನಗಲ್ಲ, ಛತ್ರಿಗೆ ಹೇಳುವವರ ಹಾಗೆ. ಆಮೇಲೆ ಲೀಲಿಯ ಕಡೆ ತಿರುಗಿ, “ಸೋಮವಾರ ಕಾಲೇಜಿಗೆ ಬಾಮ್ಮ. ಅಣ್ಣನ್ನೂ ಕರ್ಕೊಂಡು ಬಾ. ಫಾರಂಗೆ ಮನೆಯವರು ಸೈನ್ ಹಾಕ್ಬೇಕು” ಎಂದು ಹೊರಟರು. ನಾನು ಅವರ ಬೆನ್ನನ್ನೇ ನೋಡುತ್ತ ನಿಂತೆ. ಅವರು ಸೇತುವೆಯ ನಡುವೆ ಹೋದಾಗ ಒಂದು ಕ್ಷಣ ನಿಂತು, ಕಾಲಿನಿಂದ ಆ ಹಲಗೆಯನ್ನು ಒತ್ತಿ ನೋಡಿ, ಮುಂದಕ್ಕೆ ನಡೆದರು.

ಅದು ಇನ್ನೂ ನಿಂತೇ ಇತ್ತು. ಬೊಗಳಿ ಮುಗಿದಿತ್ತು, ಇನ್ನೇನು ಮಾಡಬೇಕೆಂದು ಅದಕ್ಕೂ ತಿಳಿದಿರಲಿಲ್ಲ.

ಲೀಲಿ ನನ್ನ ಕಿವಿಯನ್ನೇ ನೋಡುತ್ತಿದ್ದಳು. “ಊಟ ಆಯ್ತಾ ಅಣ್ಣ?” ಎಂದಳು.

“ಇಲ್ಲ ಕಣೇ” ಎಂದೆ. ಮನೆ ಕಡೆ ಹೊರಟೆವು.